ಹಾಡು ಅಸಲಿ, ರೆಕಾರ್ಡ್ ನಕಲಿ

ಕಳೆದ ಸೆಮಿಸ್ಟರ್‌ನಲ್ಲಿ ಪುಸ್ತಕಕ್ಕೆಂದು ಎತ್ತಿಟ್ಟಿದ್ದ 1,450 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಹಳೆಯ ರೆಕಾರ್ಡ್ ತರಿಸಿದೆ. ಅದು 1968ರ ‘ಜೇಡರ ಬಲೆ’ ಚಿತ್ರದ ಹಾಡುಗಳ ಪುಟ್ಟ ತಟ್ಟೆ. ‘ಅಸಲಿ ಮುದ್ರಣ, ಅಪರೂಪದ್ದು’ ಎಂದು ಮಾರಾಟಗಾರ ಬರೆದಿದ್ದ. ಯರಗೇರಾದ ನಮ್ಮ ಮನೆಯಲ್ಲಿ ತಾತನ ಹಳೆಯ ರೆಕಾರ್ಡ್ ಪ್ಲೇಯರ್ ಇನ್ನೂ ತಿರುಗುತ್ತದೆ. ಟೂರಿಂಗ್ ಟಾಕೀಸ್‌ನಲ್ಲಿ ನೆಲದ ಮೇಲೆ ಕುಳಿತು ಆ ಸಿನಿಮಾ ನೋಡಿದವರು ಅವರು. ಅವರಿಗೊಂದು ಖುಷಿ ಕೊಡೋಣ ಎಂಬುದಷ್ಟೇ ನನ್ನ ಆಸೆ.

ರೆಕಾರ್ಡ್ ಹಾಡಿತು. ಆದರೆ ಎಷ್ಟು ಒರೆಸಿದರೂ ಕೆಲವು ಕಡೆ ‘ಟಿಕ್’ ಎಂಬ ಸದ್ದು ಹೋಗಲಿಲ್ಲ. ಅನುಮಾನ ಬಂದು ಅದನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಅದೇ ಹಾಡಿನ ಎಂಪಿ3 ಜೊತೆಗಿಟ್ಟು ಎರಡರ ತರಂಗಗಳನ್ನು ಹೋಲಿಸಿದೆ. ಮೂರು ಕಡೆ, ಅದೇ ಕ್ಷಣದಲ್ಲಿ, ಅದೇ ಟಿಕ್! ಅಂದರೆ ಯಾರೋ ಎಂದೋ ತಮ್ಮ ಗೀರು ಬಿದ್ದ ರೆಕಾರ್ಡಿನಿಂದ ಎಂಪಿ3 ಮಾಡಿದ್ದರು. ಆ ಎಂಪಿ3ಯನ್ನೇ ಮತ್ಯಾರೋ ತಿರುಗಿ ತಟ್ಟೆಗೆ ಇಳಿಸಿ, ಲೇಬಲ್ಲಿಗೆ ಕಲರ್ ಜೆರಾಕ್ಸ್ ಅಂಟಿಸಿ ನನಗೆ ಮಾರಿದ್ದರು.

ಇದು ನನ್ನೊಬ್ಬನ ಕಥೆಯಲ್ಲ. ರೆಕಾರ್ಡ್‌ಗಳಿಗೆ ಮತ್ತೆ ಕಾಲ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಸಿಡಿಗಳಿಗಿಂತ ರೆಕಾರ್ಡ್‌ಗಳೇ ಹೆಚ್ಚು ಮಾರಾಟವಾದವು. 1987ರ ನಂತರ ಹೀಗಾದದ್ದು ಅದೇ ಮೊದಲು. ಬೇಡಿಕೆ ಏರಿದಲ್ಲಿಗೆ ನಕಲಿಯೂ ಬರುತ್ತದೆ. ಈ ತಲೆನೋವನ್ನು ಬಹಳ ಹಿಂದಿನಿಂದ ಉಂಡವರು ಜಾಸ್ ಸಂಗೀತದ ಸಂಗ್ರಾಹಕರು. ಅವರು ಮೊದಲು ನೋಡುವುದು ಹೊದಿಕೆಯನ್ನಲ್ಲ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಪಟ್ಟಿಯನ್ನು. ಅಚ್ಚಿನ ಸಂಖ್ಯೆ ಇರುವುದು ಅಲ್ಲಿ. ಬ್ಲೂ ನೋಟ್ ಕಂಪನಿಯ ಹಳೆಯ ಜಾಸ್ ರೆಕಾರ್ಡ್‌ಗಳಲ್ಲಿ ಆ ಜಾಗದಲ್ಲಿ ಧ್ವನಿ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು ಇರುತ್ತದೆ. ನನ್ನ ‘ಜೇಡರ ಬಲೆ’ಯ ಆ ಪಟ್ಟಿ ಬೋಳು. ಕೊಳ್ಳುವ ಮೊದಲು ಅದರ ಫೋಟೊ ಕೇಳಿದ್ದರೆ ನನ್ನ ಹಣ ಉಳಿಯುತ್ತಿತ್ತು.

ದೊರೈ-ಭಗವಾನ್ ನಿರ್ದೇಶಿಸಿ, ರಾಜ್‌ಕುಮಾರ್ ಸಿಐಡಿ 999 ಆದ ಚಿತ್ರಗಳಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತ ಕೇಳಿ ನೋಡಿ. ಡ್ರಮ್ಮು, ತುತ್ತೂರಿಗಳ ಆ ಓಟದಲ್ಲಿ ಜಾಸ್‌ನ ನೆರಳು ಕಾಣುತ್ತದೆ. ಇಂಥ ಸಂಗೀತದ ಅಸಲಿ ತಟ್ಟೆಗಳು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಗುಜರಿಯವರ ಹತ್ತಿರವೋ, ಯಾರದೋ ಅಟ್ಟದ ಮೇಲೋ ಹುಡುಕಬೇಕು. ಅಸಲಿ ಸಿಗದ ಕಡೆಯೇ ನಕಲಿ ಹುಟ್ಟುತ್ತದೆ ಎಂಬುದು ಇಲ್ಲಿ ನಾನು ಕಂಡುಕೊಂಡ ಮೊದಲ ಪಾಠ.

ಹಾಗೆ ನೋಡಿದರೆ ನಾನೂ ಸಾಚಾ ಅಲ್ಲ. ನಾನು ಬೆಳೆದದ್ದೇ ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ತುಂಬಿಸಿದ ಹಾಡುಗಳ ಮೇಲೆ. ಹಾಡು ಯಾರದು, ಬರೆದವರು ಯಾರು ಎಂದು ಒಮ್ಮೆಯೂ ಕೇಳಲಿಲ್ಲ. ಫೈಲಿನ ಹೆಸರು ‘ಟ್ರ್ಯಾಕ್ 07’ ಎಂದಿದ್ದರೂ ನಡೆಯುತ್ತಿತ್ತು. ಅಪ್ಪನ ಕಾಲದ ನಕಲಿ ಕ್ಯಾಸೆಟ್‌ಗಳೂ ಹೀಗೆಯೇ.

ಕಾನೂನು ಇಲ್ಲವೆಂದಲ್ಲ. ಸಿಂಗಪುರದಿಂದ ಕಲ್ಕತ್ತ ಬಂದರಿನ ಮೂಲಕ ನೇಪಾಳಕ್ಕೆ ಹೊರಟಿದ್ದ ನಕಲಿ ಕ್ಯಾಸೆಟ್‌ಗಳ ವಿರುದ್ಧ ಗ್ರಾಮಫೋನ್ ಕಂಪನಿ ಹೋರಾಡಿದ ಪ್ರಕರಣದಲ್ಲಿ, ಭಾರತದ ಮೂಲಕ ಹಾದು ಹೋಗುವ ನಕಲಿ ಸರಕನ್ನೂ ತಡೆಯಬಹುದೆಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. 52ಎ ಸೆಕ್ಷನ್ ನನಗೆ ಇನ್ನೂ ಮುಖ್ಯವೆನಿಸಿತು. ಧ್ವನಿಮುದ್ರಿಕೆಯ ಮೇಲೆ ತಯಾರಿಸಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸ, ಮೊದಲು ಪ್ರಕಟವಾದ ವರ್ಷ ಇರಲೇಬೇಕು ಎನ್ನುತ್ತದೆ ಅದು. ನಕಲಿ ಮೊದಲು ಅಳಿಸುವುದು ಅಥವಾ ಸುಳ್ಳು ಮಾಡುವುದು ಇದನ್ನೇ.

ಇನ್ನೊಂದು ಮುಖವೂ ಇದೆ. ಅಮೆರಿಕದ ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೋಫೋನ್ ವಾದಕ 1947-48ರಲ್ಲಿ ಕ್ಲಬ್ಬುಗಳಿಗೆ ಯಂತ್ರ ಹೊತ್ತೊಯ್ದು ಚಾರ್ಲಿ ಪಾರ್ಕರ್ ನುಡಿಸಿದ್ದನ್ನು ತಾನೇ ಮುದ್ರಿಸಿಕೊಂಡ. ಆ ಮುದ್ರಣಗಳು 1990ರಲ್ಲಿ ಅಧಿಕೃತವಾಗಿ ಹೊರಬಂದಾಗ ಜಾಸ್ ಲೋಕ ಅವನನ್ನು ಶಪಿಸಲಿಲ್ಲ, ನೆನೆಯಿತು. ಅಭಿಮಾನಿಗಳು ಬಚ್ಚಿಟ್ಟದ್ದರಿಂದಲೇ ಉಳಿದ ಸಂಗೀತ ನಮ್ಮಲ್ಲೂ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನಗನಿಸುವಂತೆ, ಉಳಿಸುವವನು ಯಾರು, ಯಾವಾಗ, ಎಲ್ಲಿ ಎಂಬುದನ್ನು ಬರೆದಿಡುತ್ತಾನೆ. ನಕಲಿಕೋರ ಅದನ್ನೇ ಮುಚ್ಚಿಡುತ್ತಾನೆ.

ನೇರ ದಾರಿಯೂ ಉಂಟು. ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1968ರಲ್ಲಿ ಬಂದ ರೆಕಾರ್ಡಿನ ಹಕ್ಕು 2028ರ ಡಿಸೆಂಬರ್ ಕೊನೆಯವರೆಗೆ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕಿನ ಲೆಕ್ಕ ಬೇರೆ. ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಕ್ಕುದಾರ ಕಂಪನಿಗಳು ಹಳೆಯ ಕನ್ನಡ ರೆಕಾರ್ಡ್‌ಗಳನ್ನು ಪೂರ್ಣ ವಿವರಗಳೊಂದಿಗೆ ಮತ್ತೆ ಹೊರತಂದರೆ ಅರ್ಧ ನಕಲಿ ತಾನಾಗಿಯೇ ನಿಲ್ಲುತ್ತದೆ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ಕಥೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್, ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಮೂಲಕ ಅಂಥ ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರೂ ಕೇಳುವಂತೆ ಮಾಡಿದ್ದಾರೆ. ವಿಶ್ವವಿದ್ಯಾಲಯವೇ ಇರುವ ನಮ್ಮ ಯರಗೇರಾದಲ್ಲಿ, ಈ ಜಿಲ್ಲೆಯ ಮನೆಗಳಲ್ಲಿ ಬಿದ್ದಿರುವ ರೆಕಾರ್ಡ್, ಕ್ಯಾಸೆಟ್‌ಗಳ ಪಟ್ಟಿಯನ್ನಾದರೂ ಮಾಡಲು ವಿದ್ಯಾರ್ಥಿಗಳಿಗೆ ಯಾಕೆ ಆಗಬಾರದು? ಎಲೆಕ್ಟ್ರಾನಿಕ್ಸ್ ಓದುವವರಿಗೆ ಸದ್ದು ಶುದ್ಧ ಮಾಡುವುದು, ಕನ್ನಡ ಓದುವವರಿಗೆ ವಿವರ ಹುಡುಕುವುದು ಕಲಿತರೆ ಕೈಗೆ ಹತ್ತುವ ಕೆಲಸಗಳೇ.

ವಿಷಯ ತಿಳಿದ ಹಾಸ್ಟೆಲ್ ಗೆಳೆಯ ಹೇಳಿದ್ದು ಇಷ್ಟೇ: ‘ಅದೇ ರೇಟಿಗೆ ಇನ್ನೊಬ್ಬರಿಗೆ ಮಾರಿಬಿಡಲೇ.’ ಸುಳ್ಳೇಕೆ, ಎರಡು ದಿನ ಹಾಗೇ ಮಾಡೋಣ ಅನಿಸಿತ್ತು. ಊರಿಗೆ ಹೋದಾಗ ತಾತನಿಗೆ ಎಲ್ಲ ಹೇಳಿದೆ. ಹಾಡು ಮುಗಿಯುವ ತನಕ ಸುಮ್ಮನಿದ್ದು, ‘ಹಾಡೇನೋ ಅದೇ ಐತಿ. ಆದ್ರ ರೊಕ್ಕ ಹಾಡಿದವ್ರಿಗೆ ಹೋಗ್ಲಿಲ್ಲಲ್ಲಪಾ’ ಎಂದರು.

ಆ ಸಂಜೆಯೇ ಹೊದಿಕೆಯ ಮೇಲೆ ಮಾರ್ಕರ್‌ನಿಂದ ದೊಡ್ಡದಾಗಿ ‘ಇದು ನಕಲು’ ಎಂದು ಬರೆದೆ. 1,450 ರೂಪಾಯಿ ಹೋಯಿತು. ಆದರೆ ಈ ತಟ್ಟೆಯಿಂದ ಇನ್ನೊಬ್ಬರು ಮೋಸ ಹೋಗುವುದಿಲ್ಲ.