ಎಲ್ಲಿ ಹೇಳವ್ರೆ?

ಚಿಕ್ಕಯ್ಯನಛತ್ರದ ಕಡೆಯಿಂದ ಬಂದು ಹಾಸ್ಟೆಲ್ಲಿನಲ್ಲಿರುವ ನಮ್ಮ ಹುಡುಗನೊಬ್ಬ ಕಾಲೇಜಿನಲ್ಲಿ ಪ್ರಬಂಧ ಓದಿದ. ‘ಬಾಬಾಸಾಹೇಬರು ಹೇಳಿದ್ದಾರೆ’ ಎಂದು ನಾಲ್ಕು ಸಲ ಅಂದ. ಮೇಷ್ಟ್ರು ಕೇಳಿದ್ದು ಒಂದೇ ಮಾತು: ‘ಎಲ್ಲಿ ಹೇಳವ್ರೆ?’ ಹುಡುಗ ತಲೆ ತಗ್ಗಿಸಿದ. ಹಿಂದಿನ ಬೆಂಚು ನಕ್ಕಿತು. ಆ ಮಾತನ್ನು ಅವನು ಯಾವುದೋ ಗೋಡೆ ಮೇಲೆ ಓದಿದ್ದ. ನಕ್ಕವರ ಮೇಲೆ ನಮಗೆ ಸಿಟ್ಟಿದೆ. ಪ್ರಶ್ನೆಯ ಮೇಲೆ ಸಿಟ್ಟು ಬೇಡ. ಪ್ರಶ್ನೆ ನ್ಯಾಯವಾದದ್ದೇ.

ಮೂಲ ಬಿಟ್ಟು ಮಾತು ಹರಡಿದರೆ ಏನಾಗುತ್ತದೆಂದು ನಮಗಿಂತ ಬಲ್ಲವರು ಯಾರು? 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಮಂತ್ರಿ ಬಸವಲಿಂಗಪ್ಪನವರು ಆಡಿದ ಮಾತುಗಳಿಂದ ‘ಬೂಸಾ’ ಎಂಬ ಒಂದೇ ಪದವನ್ನು ಕಿತ್ತು ಊರೂರಿಗೆ ಹಂಚಿದರು. ಹಿಂದಿನ ಮಾತೇನು, ಮುಂದಿನದೇನು ಅಂತ ಕೇಳಿದವರು ಕಮ್ಮಿ. ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಬಸವಲಿಂಗಪ್ಪನವರ ಮಂತ್ರಿಗಿರಿಯೂ ಹೋಯಿತು. ನಮ್ಮ ಮೇಲೆ ನಡೆದ ಈ ಕೆಲಸವನ್ನು ನಾವೇ ಬಾಬಾಸಾಹೇಬರ ಮಾತಿನ ಮೇಲೆ ಮಾಡಬಹುದೆ?

ಅವರ ದಾರಿ ನೋಡಿ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕೆಂದು ಬರೆದ ಭಾಷಣವನ್ನು ಓದಲು ಅವಕಾಶ ತಪ್ಪಿದಾಗ, ಅದನ್ನು ತಾವೇ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಟೀಕಿಸಿದರು. ಮರುವರ್ಷ ಎರಡನೆಯ ಮುದ್ರಣ ತಂದಾಗ ಬಾಬಾಸಾಹೇಬರು ಗಾಂಧೀಜಿಯ ಟೀಕೆಯನ್ನೂ ಅದೇ ಪುಸ್ತಕದೊಳಗೆ ಸೇರಿಸಿ, ಆಮೇಲೆ ತಮ್ಮ ಉತ್ತರ ಕೊಟ್ಟರು. ಎದುರಾಳಿಯ ಮಾತನ್ನು ಮುಚ್ಚಿಟ್ಟು ಗೆಲ್ಲುವ ದರ್ದು ಅವರಿಗಿರಲಿಲ್ಲ. ಮನುವಿನ ಮೇಲೆ ಆಪಾದನೆ ಹೊರಿಸುವಾಗಲೂ ಅಧ್ಯಾಯ, ಶ್ಲೋಕದ ಸಂಖ್ಯೆ ಕೊಟ್ಟು ಹೊರಿಸಿದರು. ‘ಸುಳ್ಳು’ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಹಾಸ್ಟೆಲ್ಲಿನಲ್ಲಿ ನಾವೆಲ್ಲ ಎರವಲು ಪುಸ್ತಕದವರು. ವಾಪಸು ಕೊಡೋ ಮುಂಚೆ ಬರೆದವರು, ಅನುವಾದಿಸಿದವರು, ಪ್ರಕಾಶಕರು, ಮುದ್ರಣದ ವರ್ಷ, ಪುಟ, ಇಷ್ಟನ್ನೂ ನೋಟ್‌ಬುಕ್ಕಿಗೆ ಹಾಕಿಕೊಳ್ಳಿ. ಮಹಾರಾಷ್ಟ್ರ ಸರ್ಕಾರ 1979ರಿಂದ ತಂದಿರುವ ಇಂಗ್ಲಿಷ್ ಸಂಪುಟದ ಪುಟವೇ ಬೇರೆ, ಕನ್ನಡ ಅನುವಾದದ ಪುಟವೇ ಬೇರೆ. ನಮ್ಮೂರ ಕಲ್ಲುಗಳದ್ದೂ ಇದೇ ಕಥೆ. ನಂಜನಗೂಡು, ತಿ. ನರಸೀಪುರದ ಶಾಸನಗಳನ್ನು ರೈಸ್ 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಲ್ಲಿ ಪರಿಷ್ಕರಿಸಿದಾಗ ಸಂಖ್ಯೆಗಳು ಬದಲಾದವು. ಬರೀ ಸಂಖ್ಯೆ ಬರೆದು ಯಾವ ಆವೃತ್ತಿ ಅಂತ ಹೇಳದಿದ್ದರೆ ಓದುವವನು ಬೇರೆ ಊರಿನ ಕಲ್ಲಿನ ಮುಂದೆ ನಿಂತಿರುತ್ತಾನೆ. ಒಂದು ಮಾತನ್ನು ಇನ್ನೊಬ್ಬರ ಪುಸ್ತಕದಲ್ಲಿ ನೋಡಿದ್ದರೆ ಆ ಪುಸ್ತಕದ ಹೆಸರನ್ನೇ ಹೇಳಿ. ಮೂಲವನ್ನೇ ಕಂಡವರ ಹಾಗೆ ನಟಿಸಬೇಡಿ.

ಇನ್ನು ಅಚ್ಚಾಗದ ಮೂಲ. ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರು, ನಾಟಿ ಹಾಕುತ್ತ ಪದ ಹೇಳುವ ಅವ್ವಂದಿರು, ಇವರೇ ನಮ್ಮ ಗ್ರಂಥಾಲಯ. ಇವರ ಬಾಯಿಂದ ಬರೆದುಕೊಂಡು ರಕ್ಷಾಪುಟದ ಮೇಲೆ ತಮ್ಮ ಹೆಸರು ಮಾತ್ರ ಹಾಕಿಕೊಂಡ ವಿದ್ವಾಂಸರನ್ನು ಕಂಡಿದ್ದೇವೆ. ನೀವೂ ಅದನ್ನೇ ಮಾಡಬೇಡಿ. ಒಪ್ಪಿಗೆ ಕೇಳಿ; ಹಾಡಿದವರ ಹೆಸರು, ಊರು, ದಿನ ಬರೆಯಿರಿ. ದುಡಿದವರ ಹೆಸರು ಅಳಿಸೋದು ಜಾತಿಯ ಹಳೇ ಚಾಳಿ.

ಕದ್ದರೆ ಕಾನೂನೂ ಬಿಡುವುದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮದಂತೆ ಸಂಶೋಧನಾ ಪ್ರಬಂಧದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ನಕಲು ಸಾಬೀತಾದರೆ ನೋಂದಣಿಯೇ ರದ್ದು. ಉಳ್ಳವರ ಮಗ ಮನೆಗೆ ಹೋಗಿ ಜಮೀನು ನೋಡಿಕೊಳ್ಳುತ್ತಾನೆ. ಮನೆತನದಲ್ಲಿ ಮೊದಲು ಓದಿದ ನಮ್ಮ ಹುಡುಗಿ ಎಲ್ಲಿಗೆ ಹೋಗಬೇಕು?

ಗೆಳೆಯರೆ, ಅಕ್ಷರ ನಮಗೆ ತಡವಾಗಿ ಸಿಕ್ಕಿತು. ಸಿಕ್ಕಿದ್ದನ್ನು ಚೊಕ್ಕವಾಗಿ ಬಳಸೋಣ. ಇನ್ನು ಮೇಲೆ ಯಾರಾದರೂ ‘ಎಲ್ಲಿ ಹೇಳವ್ರೆ?’ ಅಂದರೆ ತಲೆ ತಗ್ಗಿಸಬೇಡಿ. ಪುಟ ತೆಗೆದು ಬೆರಳಿಟ್ಟು ತೋರಿಸಿ: ‘ಇಲ್ಲೇ ಅದೆ, ಓದ್ಕೊಳಿ.’