ಕಟ್ಟಡ ಕಾಮಗಾರಿಯ ಸುರಕ್ಷತೆ: ತಪಾಸಣೆಯನ್ನು ನಾವೇ ಕೇಳಬೇಕು

2019ರ ಮಾರ್ಚ್ ತಿಂಗಳಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಸಂಕೀರ್ಣವೊಂದು ಕುಸಿದು 19 ಮಂದಿ ಅಸುನೀಗಿದರು. ಮೇಲಂತಸ್ತುಗಳ ಕೆಲಸ ಮುಗಿಯುವ ಮೊದಲೇ ಕೆಳಗೆ ಅಂಗಡಿಗಳು ವ್ಯಾಪಾರ ಆರಂಭಿಸಿದ್ದವು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮತ್ತೊಂದು ಕಟ್ಟಡ ಕುಸಿದು 9 ಜನ ಮೃತಪಟ್ಟರು. ಇಂತಹ ದುರಂತಗಳು ಒಂದು ವಾರ ಚರ್ಚೆಯಲ್ಲಿರುತ್ತವೆ. ಸಾರುವೆಯಿಂದ ಒಬ್ಬೊಬ್ಬರಾಗಿ ಬಿದ್ದು ಸಾಯುವವರಿಗೆ ಒಳಪುಟದ ನಾಲ್ಕು ಸಾಲುಗಳಷ್ಟೇ ದೊರೆಯುತ್ತವೆ.

ಕಾನೂನಿನ ಕೊರತೆಯೇನೂ ಇರಲಿಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ 1996ರಲ್ಲಿಯೇ ಬಂದಿತು. ಕರ್ನಾಟಕದ ನಿಯಮಗಳು 2006ರಲ್ಲಿ ಬಂದವು. ಕೆಲಸ ಆರಂಭಿಸುವ 30 ದಿನ ಮುಂಚಿತವಾಗಿ ನಿರೀಕ್ಷಕರಿಗೆ ಲಿಖಿತ ಸೂಚನೆ ನೀಡಬೇಕೆಂದು ಆ ಕಾಯ್ದೆ ವಿಧಿಸಿತ್ತು. ಗೋದಾಮು, ಶೆಡ್ಡು, ಮಳಿಗೆ ಕಟ್ಟಿಸಿದ ಸದಸ್ಯರಲ್ಲಿ ಎಷ್ಟು ಮಂದಿಗೆ ತಮ್ಮ ಗುತ್ತಿಗೆದಾರರು ಅಂತಹ ಸೂಚನೆ ಕಳುಹಿಸಿದರೇ ಎಂಬುದು ತಿಳಿದಿತ್ತು? ಸುರಕ್ಷತಾ ನಿಯಮಗಳ ಉಲ್ಲಂಘನೆಗೆ ದಂಡದ ಗರಿಷ್ಠ ಮಿತಿ ಕೇವಲ ಎರಡು ಸಾವಿರ ರೂಪಾಯಿ, ಸೆರೆವಾಸವಾದರೆ ಮೂರು ತಿಂಗಳು. ಸಾರುವೆಗೆ ಒಂದು ದಿನ ಬಲೆ ಕಟ್ಟಿಸುವ ಖರ್ಚಿಗಿಂತ ದಂಡವೇ ಅಗ್ಗವೆಂದು ಲೆಕ್ಕ ಹಾಕಿದವರನ್ನು ನಾನು ಬಲ್ಲೆ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ಮಾಲೀಕನು ಕರ್ತವ್ಯ ಪಾಲಿಸದ ಕಾರಣದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮೃತನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇದು ಸ್ವಾಗತಾರ್ಹ. ಆದರೆ ಈ ಶಿಕ್ಷೆ ಸಾವಿನ ನಂತರದ್ದು. ಕಾಮಗಾರಿ ನಡೆಯುತ್ತಿರುವಾಗ ಯಾರೂ ಬಂದು ನೋಡದಿದ್ದರೆ ಐದು ಲಕ್ಷವೂ ಕಾಗದದ ಮೇಲಿನ ಅಂಕಿಯೇ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಗೋದಾಮಿನ ಹಳೆಯ ಸಿಮೆಂಟ್ ಶೀಟುಗಳನ್ನು ಬದಲಾಯಿಸಲು ಮೂರು ಕೊಟೇಶನ್ ತರಿಸಿದ್ದೆ. ಅವುಗಳಲ್ಲೊಂದರಲ್ಲಿ ಚಾವಣಿಯ ಮೇಲೆ ಓಡಾಡಲು ಹಲಗೆ, ಕೆಳಗೆ ಬಲೆ, ಸೊಂಟಕ್ಕೆ ಬೆಲ್ಟ್ ಇವುಗಳಿಗೆ ಹದಿನೆಂಟು ಸಾವಿರ ರೂಪಾಯಿ ಪ್ರತ್ಯೇಕವಾಗಿ ಬರೆದಿತ್ತು. ಅನವಶ್ಯಕವೆಂದು ಭಾವಿಸಿ ಅತಿ ಕಡಿಮೆ ದರದವನಿಗೆ ಕೆಲಸ ವಹಿಸಿದೆ. ನಾಲ್ಕನೆಯ ದಿನ ಯಾದಗಿರಿ ಕಡೆಯ ಯುವಕನೊಬ್ಬ ಹಳೆಯ ಶೀಟಿನ ಮೇಲೆ ಕಾಲಿಟ್ಟ. ಶೀಟು ಒಡೆದು ಕೆಳಗಿನ ಕಾಂಕ್ರೀಟ್ ನೆಲಕ್ಕೆ ಬಿದ್ದ. ಜೀವ ಉಳಿಯಿತು, ಸೊಂಟ ನೆಟ್ಟಗಾಗಲಿಲ್ಲ. ಆಸ್ಪತ್ರೆಯ ವೆಚ್ಚದಲ್ಲಿ ನಾನು ಕೊಟ್ಟ ಪಾಲೇ ಆ ಹದಿನೆಂಟು ಸಾವಿರದ ಅನೇಕ ಪಟ್ಟಾಯಿತು. ತಿರಸ್ಕರಿಸಿದ ಕೊಟೇಶನ್ ಇಂದಿಗೂ ನನ್ನ ಕಡತದಲ್ಲಿದೆ.

ಸುರಕ್ಷತೆಗೆ ಹಣ ತೆಗೆದಿಡುವ ಗುತ್ತಿಗೆದಾರನು ಸ್ಪರ್ಧೆಯಲ್ಲಿ ಸೋಲುವುದು ಹೀಗೆ. ಅವನನ್ನು ಸೋಲಿಸುವವರು ನಾವು. ನಿಯಮ ಎಲ್ಲರಿಗೂ ಒಂದೇ ಬಿಗಿಯಲ್ಲಿ ಜಾರಿಯಾದರೆ ಮಾತ್ರ ಅವನಿಗೆ ನ್ಯಾಯ ದೊರೆಯುತ್ತದೆ. ಆದುದರಿಂದಲೇ ತಪಾಸಣೆಯನ್ನು ವಿರೋಧಿಸುವ ನಮ್ಮ ಹಳೆಯ ಅಭ್ಯಾಸ ನಮ್ಮಲ್ಲಿನ ಪ್ರಾಮಾಣಿಕರಿಗೇ ನಷ್ಟವೆಂದು ನನ್ನ ಅಭಿಪ್ರಾಯ.

ಇನ್‌ಸ್ಪೆಕ್ಟರ್ ಎಂದೊಡನೆ ನಮಗೆ ಕಿರುಕುಳ ಮತ್ತು ಲಂಚ ನೆನಪಾಗುವುದು ಸುಳ್ಳಲ್ಲ. ಅದಕ್ಕೆ ಪರಿಹಾರ ತಪಾಸಣೆಯನ್ನು ನಿಲ್ಲಿಸುವುದಲ್ಲ. ಏನನ್ನು ಪರೀಕ್ಷಿಸಬೇಕೆಂಬ ಮುದ್ರಿತ ಪಟ್ಟಿ, ಕಂಡುದರ ಛಾಯಾಚಿತ್ರ, ಸ್ಥಳದಲ್ಲಿಯೇ ಮಾಲೀಕನಿಗೆ ವರದಿಯ ಪ್ರತಿ, ಇಷ್ಟಿದ್ದರೆ ಚೌಕಾಸಿಗೆ ಎಡೆ ಕಡಿಮೆಯಾಗುತ್ತದೆ. ಶೇಕಡಾ 1ರ ಸೆಸ್ ಕಟ್ಟಿದ್ದೇವೆ, ನಮ್ಮ ಹೊಣೆ ತೀರಿತು ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಆ ಹಣ ಕಾರ್ಮಿಕರ ಕಲ್ಯಾಣ ನಿಧಿಗೆ ಸೇರುತ್ತದೆ. ಸಾರುವೆಯ ಗಂಟು ಬಿಗಿಯಾಗಿದೆಯೇ ಎಂದು ಅದು ನೋಡುವುದಿಲ್ಲ.

ಇನ್ನೊಂದು ಕಷ್ಟವಿದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರ ನಿರ್ಮಾಣ ಕೆಲಸ ಹಿಂದಿನ ಕಾಯ್ದೆಗೂ ಹೊರಗಿತ್ತು, ಇಂದಿನ ಸಂಹಿತೆಯ ವ್ಯಾಖ್ಯೆಗೂ ಹೊರಗಿದೆ. ಅಂಗಡಿಯ ಮೇಲೆ ಒಂದು ಅಂತಸ್ತು, ಕಾರ್ಖಾನೆಯ ಹಿಂದೆ ಒಂದು ಶೆಡ್ಡು, ಒಬ್ಬ ಮೇಸ್ತ್ರಿ, ಐದಾರು ಆಳು. ನಮ್ಮಲ್ಲಿ ಬಹುಪಾಲು ಸದಸ್ಯರ ಕಾಮಗಾರಿಗಳು ಈ ಬಗೆಯವು. ಅಲ್ಲಿಗೆ ಯಾವ ನಿರೀಕ್ಷಕನೂ ಬರಲಾರ, ನೋಡಬೇಕಾದವನು ಕಟ್ಟಿಸುವವನೇ. ಇನ್ನು ಐ.ಎಸ್. 2925ರ ಗುರುತಿಲ್ಲದ ತೆಳು ಹಳದಿ ಟೋಪಿಗಳನ್ನು ಹೆಲ್ಮೆಟ್ಟೆಂದು ಮಾರುವ ಮಳಿಗೆಗಳೂ ನಮ್ಮ ಸದಸ್ಯರವೇ ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ನಮ್ಮ ಸಂಸ್ಥೆಯು ಈ ಎರಡು ಕಾರ್ಯಗಳನ್ನು ಕೈಗೊಳ್ಳಬೇಕೆಂದು ಕೋರುತ್ತೇನೆ. ಸದಸ್ಯರ ಕಾಮಗಾರಿಗಳ ಕರಾರಿನಲ್ಲಿ ಸುರಕ್ಷತೆಯ ವೆಚ್ಚವನ್ನು ದರ ಸ್ಪರ್ಧೆಯಿಂದ ಹೊರಗಿಟ್ಟು, ಎಲ್ಲ ಗುತ್ತಿಗೆದಾರರಿಗೂ ಒಂದೇ ಮೊತ್ತವಾಗಿ ನಮೂದಿಸುವ ಮಾದರಿಯೊಂದನ್ನು ಸಿದ್ಧಪಡಿಸಬೇಕು. ಕಾಮಗಾರಿ ನಡೆಯುವಾಗಲೇ ತಪಾಸಣೆಯಾಗಲಿ, ವರದಿಯ ಪ್ರತಿ ಮಾಲೀಕನ ಕೈಸೇರಲಿ ಎಂದು ಕಾರ್ಮಿಕ ಇಲಾಖೆಗೆ ಮನವಿ ಸಲ್ಲಿಸಬೇಕು. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯವನ್ನು ಮಂಡಿಸಲು ಅವಕಾಶ ಕೋರಿ ಪತ್ರ ಬರೆದಿದ್ದೇನೆ. ಆ ಹಳೆಯ ಕೊಟೇಶನ್ನಿನ ಪ್ರತಿಯನ್ನೂ ಅದಕ್ಕೆ ಲಗತ್ತಿಸಿದ್ದೇನೆ.