ಒಲಿಂಪಸ್ಸಿನ ನಗೆ

ತರಗತಿಯಲ್ಲಿ ‘ಅಶ್ವತ್ಥಾಮನ್’ ನಾಟಕದ ಪಾಠ ನಡೆದಿತ್ತು. ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧಾರವಾಗಿಟ್ಟುಕೊಂಡು ಬಿ.ಎಂ.ಶ್ರೀಯವರು ಅದನ್ನು ರಚಿಸಿದರೆಂಬುದು ಓದುಗರಿಗೆ ತಿಳಿದ ವಿಷಯ. ಗ್ರೀಕ್ ದೇವತೆಗಳ ಮಾತು ಬಂದಾಗ, 1858ರಲ್ಲಿ ಪ್ಯಾರಿಸ್ಸಿನ ರಂಗವನ್ನೇರಿದ ಆಫೆನ್‌ಬಾಕನ ಗೀತನಾಟಕವೊಂದರ ಕಥೆ ಹೇಳಿದೆ. ಅದರಲ್ಲಿ ಅಮೃತವನ್ನೇ ಕುಡಿಕುಡಿದು ಬೇಸತ್ತ ದೇವತೆಗಳು ದಂಗೆಯೇಳುತ್ತಾರೆ. ದೇವರಾಜನಾದ ಜ್ಯೂಪಿಟರ್ ನೊಣದ ರೂಪು ತಾಳಿ, ಝೇಂಕರಿಸುತ್ತ, ಯೂರಿಡಿಸಿಯನ್ನು ಒಲಿಸಿಕೊಳ್ಳಲು ಹೊರಡುತ್ತಾನೆ. ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದುನಿಂತು, ಜನ ಪೂಜಿಸಿದ ದೇವರನ್ನು ಹೀಗೆ ಹಾಸ್ಯ ಮಾಡಬಹುದೆ ಎಂದು ಕೇಳಿದ. ಕೇಳುವಾಗ ಜ್ಯೂಪಿಟರನ ಹೆಸರು ಅವನ ನಾಲಗೆಯಲ್ಲಿ ತೊಡರಿತು. ತರಗತಿ ಮತ್ತೆ ನಕ್ಕಿತು, ನಾನೂ ನಕ್ಕೆ. ಹುಡುಗ ಕುಳಿತುಬಿಟ್ಟ.

ಅವನ ಪ್ರಶ್ನೆ ಸಣ್ಣದಲ್ಲ. ಈ ನಗೆಯನ್ನು ಪ್ಯಾರಿಸ್ಸಿನವರು ಹುಟ್ಟಿಸಿದ್ದೂ ಅಲ್ಲ. ಹೋಮರನ ‘ಒಡಿಸ್ಸಿ’ಯಲ್ಲಿಯೇ ಕುಂಟ ಕಮ್ಮಾರದೇವನು ತನ್ನ ಮಡದಿಯನ್ನೂ ಅವಳ ಪ್ರಿಯನಾದ ಯುದ್ಧದೇವನನ್ನೂ ಕಣ್ಣಿಗೆ ಕಾಣದ ಬಲೆಯಲ್ಲಿ ಸೆರೆಹಿಡಿಯುತ್ತಾನೆ; ನೋಡಬಂದ ದೇವತೆಗಳಿಗೆ ನಗು ತಡೆಯಲಾಗುವುದಿಲ್ಲ. ಈ ಮೂವರನ್ನೇ 16ನೆಯ ಶತಮಾನದಲ್ಲಿ ವೆನಿಸ್ಸಿನ ಟಿಂಟೊರೆಟ್ಟೊ ಚಿತ್ರಿಸಿದ. ಈಗ ಮ್ಯೂನಿಕ್ಕಿನಲ್ಲಿರುವ ಆ ಚಿತ್ರದಲ್ಲಿ ಬಲೆಯಿಲ್ಲ. ಯುದ್ಧದೇವನು ಶಿರಸ್ತ್ರಾಣ ಸಮೇತನಾಗಿ ಮೇಜಿನಡಿ ಅವಿತಿದ್ದಾನೆ, ಪುಟ್ಟ ನಾಯಿಯೊಂದು ಅವನತ್ತ ಬೊಗಳುತ್ತಿದೆ.

ಅರಿಸ್ಟೊಫನೀಸನು ಇನ್ನೂ ಮುಂದೆ ಹೋದ. ಕ್ರಿ.ಪೂ. 405ರಲ್ಲಿ, ನಾಟಕದ ಅಧಿದೇವತೆಯಾದ ಡಯೊನೈಸಸನ ಉತ್ಸವದಲ್ಲಿಯೇ, ‘ಕಪ್ಪೆಗಳು’ ನಾಟಕವನ್ನು ಆಡಿಸಿದ. ಅಲ್ಲಿ ಡಯೊನೈಸಸ್ ಸಿಂಹದ ಚರ್ಮ ಹೊದ್ದು ಪಾತಾಳಕ್ಕಿಳಿಯುತ್ತಾನೆ, ಹೆಜ್ಜೆಹೆಜ್ಜೆಗೂ ನಡುಗುತ್ತಾನೆ, ಆಳಿನೊಡನೆ ವೇಷ ಬದಲಿಸಿಕೊಳ್ಳುತ್ತಾನೆ. ಇಬ್ಬರಲ್ಲಿ ದೇವರಾರೆಂದು ಪರೀಕ್ಷಿಸಲು ಇಬ್ಬರಿಗೂ ಚಾಟಿಯೇಟು ಬೀಳುತ್ತದೆ. ಭಯಗೊಂಡ ಆ ದೇವರು ಒಮ್ಮೆ ಪ್ರೇಕ್ಷಕರ ನಡುವೆ ಕುಳಿತಿದ್ದ ತನ್ನ ಪೂಜಾರಿಯನ್ನೇ ರಕ್ಷಿಸೆಂದು ಬೇಡಿಕೊಳ್ಳುತ್ತಾನೆ! ಅಥೆನ್ಸಿನವರು ಮುನಿಯಲಿಲ್ಲ, ಮೊದಲ ಬಹುಮಾನವನ್ನೇ ಕೊಟ್ಟರು.

ಪ್ಯಾರಿಸ್ಸಿನವರ ನಗೆ ಬೇರೊಂದು ಬಗೆಯದು. 1841ರಿಂದ 1843ರ ವರೆಗೆ ಡೊಮಿಯೆ ಎಂಬ ವ್ಯಂಗ್ಯಚಿತ್ರಕಾರ ಗ್ರೀಕ್ ಪುರಾಣೇತಿಹಾಸಗಳನ್ನು ಕುರಿತು ಐವತ್ತು ಚಿತ್ರಗಳನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಅವನ ನಾರ್ಸಿಸಸ್ ಎಲುಬೆಣಿಸಬಹುದಾದ ಬಡಕಲು. ಟ್ರಾಯ್ ಗೆದ್ದ ಮೆನೆಲಾಸನ ಬೊಜ್ಜುಮೈಯ ಪಕ್ಕದಲ್ಲಿ ಹೆಲನ್ ಮೂಗಿಗೆ ಹೆಬ್ಬೆರಳಿಟ್ಟು ಅಣಕಿಸುತ್ತಾಳೆ. ಆ ವೇಳೆಗೆ ಆ ದೇವತೆಗಳಿಗೆ ಪೂಜೆ ನಿಂತು ಶತಮಾನಗಳಾಗಿದ್ದವು. ಡೊಮಿಯೆ ನಕ್ಕದ್ದು, ಅವರನ್ನು ಜೀವವಿಲ್ಲದ ಸುಂದರ ಬೊಂಬೆಗಳನ್ನಾಗಿ ಮಾಡಿಟ್ಟಿದ್ದ ಕಲಾಶಾಲೆಗಳ ಬಿಂಕವನ್ನು ಕಂಡು. ಆಫೆನ್‌ಬಾಕನ ನಾಟಕವನ್ನು ವಿಮರ್ಶಕನೊಬ್ಬ ಪವಿತ್ರ ಪ್ರಾಚೀನತೆಗೆ ಆದ ಅಪಚಾರವೆಂದು ಖಂಡಿಸಿದಾಗ, ನೋಡಲು ಬರುವವರ ಸಂಖ್ಯೆ ಮತ್ತಷ್ಟು ಹೆಚ್ಚಿತು.

ಹಾಗಾದರೆ ನಗೆ ನಿರಪಾಯವೆ? ಇದೇ ಅರಿಸ್ಟೊಫನೀಸನು ಕ್ರಿ.ಪೂ. 423ರಲ್ಲಿ ‘ಮೋಡಗಳು’ ಎಂಬ ನಾಟಕದಲ್ಲಿ ಸಾಕ್ರಟೀಸನನ್ನು ಬುಟ್ಟಿಯಲ್ಲಿ ಕುಳ್ಳಿರಿಸಿ ಗಾಳಿಯಲ್ಲಿ ತೂಗಾಡಿಸಿದ್ದ. ಕ್ರಿ.ಪೂ. 399ರಲ್ಲಿ ಸಾಕ್ರಟೀಸನ ಮೇಲೆ ದೈವದ್ರೋಹದ ಆರೋಪ ಬಂದಿತು. ಎದುರಿಗಿರುವ ಆರೋಪಿಗಳಿಗಿಂತ ಹಳೆಯ ಅಪವಾದಗಳೇ ತನಗೆ ಹೆಚ್ಚು ಅಪಾಯಕರವೆಂದು ಹೇಳುತ್ತ ಅವನು ಆ ನಾಟಕವನ್ನು ನೆನೆದನೆಂದು ಪ್ಲೇಟೋ ಬರೆದಿದ್ದಾನೆ. ಅವನ ಸಾವಿಗೆ ನಾಟಕವೊಂದೇ ಕಾರಣವೆನ್ನಲಾಗದು. ಆದರೆ ಆ ನಗೆ ಇಪ್ಪತ್ತನಾಲ್ಕು ವರ್ಷಗಳಾದರೂ ಆರಿರಲಿಲ್ಲ. ದೇವರು ಚಾಟಿಯೇಟು ತಿಂದದ್ದಕ್ಕೆ ಕೈತಟ್ಟಿದ ಊರು, ಆರೇ ವರ್ಷಗಳಲ್ಲಿ ಪ್ರಶ್ನೆ ಕೇಳಿದ ಮನುಷ್ಯನಿಗೆ ವಿಷ ಕುಡಿಸಿತು.

ಹಾಸ್ಯವನ್ನು ಸಹಿಸಿಕೊಳ್ಳುವ ಶಕ್ತಿ ದೇವರಿಗುಂಟು. ನಾವು ಎಷ್ಟು ನಕ್ಕರೂ ಒಲಿಂಪಸ್ಸಿನ ವೈಭವ ಕುಂದಲಿಲ್ಲ. ಕಲಾವಿದರ ನಗೆಯೇ ಆ ದೇವತೆಗಳನ್ನು ನಮ್ಮ ಕಾಲದವರೆಗೆ ಬಾಳಿಸಿತೆಂದರೂ ತಪ್ಪಾಗದು. ಮನುಷ್ಯನಿಗೆ, ಅದರಲ್ಲಿಯೂ ಪ್ರಶ್ನೆ ಕೇಳಲು ಎದ್ದುನಿಂತ ಮನುಷ್ಯನಿಗೆ, ಅಷ್ಟು ಶಕ್ತಿಯಿಲ್ಲ. ಆ ಹುಡುಗ ಅಂದಿನಿಂದ ನನ್ನ ತರಗತಿಯಲ್ಲಿ ಬಾಯಿ ತೆರೆದಿಲ್ಲ. ದೇವರನ್ನು ಕುರಿತು ನಗಬಹುದಪ್ಪಾ ಎಂದು ನಾಳೆ ಅವನಿಗೆ ಉತ್ತರ ಹೇಳಬೇಕು. ಅದಕ್ಕೆ ಮೊದಲು, ನಿನ್ನನ್ನು ಕುರಿತು ನಾನು ನಗಬಾರದಿತ್ತೆಂಬ ಮಾತನ್ನೂ ಎಲ್ಲರೆದುರಿಗೆ ಹೇಳಬೇಕು.